ಹನ್ನೊಂದು ಕಾರ್ಡು, ಅಪ್ಪನ ನೋಟ್‌ಬುಕ್ಕು

ಅಪ್ಪ ಇಂಗ್ಲೆಂಡಿನ ರೆಡಿಂಗಿಗೆ, ನನ್ನ ಮನೆಗೆ ಬಂದು ಇನ್ನೂ ಎರಡು ವಾರ ಆಗಿರಲಿಲ್ಲ. ಶನಿವಾರದ ಸಂತೆ ಮುಗಿಸಿ ಬಂದು ಚೀಲಗಳನ್ನು ಇಳಿಸಿ, ಪರ್ಸನ್ನು ಊಟದ ಮೇಜಿನ ಮೇಲೆ ಇಟ್ಟೆ. ಗುಂಡಿ ಹಾಕಲಾಗದಷ್ಟು ಉಬ್ಬಿದ್ದ ಪರ್ಸು. ಅಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿ, "ಏನ್ ಪುಟ್ಟಿ, ಇಷ್ಟೊಂದು ಬ್ಯಾಂಕಲ್ಲಿ ಖಾತೆ ಇದೆಯಾ ನಿಂಗೆ?" ಅಂದರು.

"ಬ್ಯಾಂಕಿಂದು ಎರಡೇ ಅಪ್ಪ. ಮಿಕ್ಕಿದ್ದೆಲ್ಲ ಅಂಗಡಿಗಳದ್ದು. ಸಾಮಾನು ಕೊಂಡಾಗ ತೋರಿಸಿದ್ರೆ ಪಾಯಿಂಟು ಬರುತ್ತೆ."

ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹರವಿದೆ. ಟೆಸ್ಕೋ ಸೂಪರ್‌ಮಾರ್ಕೆಟ್ಟಿನ ಕ್ಲಬ್‌ಕಾರ್ಡ್, ಅಂಥದ್ದೇ ಸೇನ್ಸ್‌ಬರೀಸ್‌ನ ನೆಕ್ಟರ್, ಔಷಧಿ ಅಂಗಡಿ ಬೂಟ್ಸ್‌ನ ಅಡ್ವಾಂಟೇಜ್ ಕಾರ್ಡ್, ಕೋ-ಆಪ್‌ನದು, ಗಿಡ ಮಾರುವ ಗಾರ್ಡನ್ ಸೆಂಟರಿನದು, ಮಗಳಿಗೆ ಶೂ ತರುವ ಅಂಗಡಿಯದು, ಸೋನಾ ಮಸೂರಿ ಸಿಗುವ ನಮ್ಮವರ ದಿನಸಿ ಅಂಗಡಿಯದು, ಲೈಬ್ರರಿಯದು, ಹೀಗೆ ಹನ್ನೊಂದು. ಹನ್ನೆರಡನೆಯದೊಂದಿತ್ತು, ಕಾಫಿ ಅಂಗಡಿಯ ಕಾಗದದ ಚೀಟಿ. ಅದರ ವಿಷಯ ಬೇರೆ, ಆಮೇಲೆ ಹೇಳುತ್ತೇನೆ.

ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ಹಿಂಬದಿ ಓದತೊಡಗಿದರು. ಬೇರೆ ಯಾರಾದರೂ ಮುಂಬದಿಯ ಬಣ್ಣ, ಚಿತ್ರ ನೋಡುತ್ತಿದ್ದರು. ಅಪ್ಪ ನೋಡಿದ್ದು ನಂಬರನ್ನು. ಅವರು 1977ರಿಂದ 2013ರವರೆಗೆ ರೈಲ್ವೆ ಮೇಲ್ ಸರ್ವೀಸಿನಲ್ಲಿ ಸಾರ್ಟರ್ ಆಗಿದ್ದವರು. ರಾತ್ರಿ ರೈಲಿನ ಅಂಚೆ ಬೋಗಿಯಲ್ಲಿ ನಿಂತುಕೊಂಡೇ ಕಾಗದಗಳನ್ನು ಗೂಡುಗೂಡಿಗೆ ಹಾಕಿ ಬೆಳಗು ಮಾಡಿದವರು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅಪ್ಪ ಕೆಲಸಕ್ಕೆ ಸೇರುವ ಹೊತ್ತಿಗೂ ಅರ್ಧ ಜನ ಅದನ್ನು ಬರೆಯುತ್ತಿರಲಿಲ್ಲವಂತೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ನಮ್ಮೂರು ಅರಸೀಕೆರೆಯ 573103ನ್ನು ಬಿಡಿಸಿ ಹೇಳಿಕೊಟ್ಟಿದ್ದರು. ಐದು ಅಂದರೆ ದಕ್ಷಿಣ, ಐವತ್ತೇಳು ಅಂದರೆ ಕರ್ನಾಟಕದ ಈ ಭಾಗ, 573 ಅಂದರೆ ಹಾಸನದ ಸಾರ್ಟಿಂಗ್ ಜಿಲ್ಲೆ, ಕೊನೆಯ ಮೂರು ನಮ್ಮ ಅಂಚೆ ಕಚೇರಿ. ನಂಬರ್ ಕಂಡರೆ ಅದರೊಳಗೆ ಏನಿದೆ ಎಂದು ನೋಡದೆ ಬಿಡುವವರಲ್ಲ.

ಎಲ್ಲವನ್ನೂ ನೋಡಿ ಮುಗಿಸಿ ಹೇಳಿದರು: "ಇದರಲ್ಲಿ ದುಡ್ಡೂ ಇಲ್ಲ, ಚಿಪ್ಪೂ ಇಲ್ಲ. ಬರೀ ಒಂದು ನಂಬರ್. ಇದನ್ನ ಹೊತ್ಕೊಂಡು ಯಾಕೆ ಓಡಾಡ್ತೀಯ?"

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಅಷ್ಟೇ. ಅಂಗಡಿಯ ಕಾರ್ಡೆಂದರೆ ಒಂದು ನಂಬರು, ಆ ನಂಬರನ್ನು ಗೀರುಗಳಲ್ಲಿ ಬರೆದ ಒಂದು ಚಿತ್ರ, ಅಂದರೆ ಬಾರ್‌ಕೋಡು. ನಿಮ್ಮ ಪಾಯಿಂಟು, ನಿಮ್ಮ ಹೆಸರು, ನೀವು ಕೊಂಡ ಈರುಳ್ಳಿಯ ಲೆಕ್ಕ, ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿ ಇರುತ್ತದೆ. ಆದ್ದರಿಂದ ಆ ಚಿತ್ರ ಪ್ಲಾಸ್ಟಿಕ್ಕಿನ ಮೇಲಿದ್ದರೂ ಒಂದೇ, ಫೋನಿನ ತೆರೆಯ ಮೇಲಿದ್ದರೂ ಒಂದೇ. ಆದರೆ ಆ ನಂಬರ್ ಯಾರ ಕೈಯಲ್ಲಿ, ಎಲ್ಲಿ, ಹೇಗೆ ಇರುತ್ತದೆ ಎನ್ನುವುದು ಮುಖ್ಯ. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಇಂಗ್ಲೆಂಡಿನಲ್ಲಿ ಇಲ್ಲದವರಿಗೆ ಒಂದು ಮಾತು. ಇಲ್ಲಿ ಕಾರ್ಡ್ ಇಲ್ಲದೆ ಅಂಗಡಿಗೆ ಹೋದರೆ ಪಾಯಿಂಟು ತಪ್ಪುವುದಷ್ಟೇ ಅಲ್ಲ, ಬೆಲೆಯೇ ಬೇರೆಯಾಗುತ್ತದೆ. ಟೆಸ್ಕೋ ತನ್ನ ಕ್ಲಬ್‌ಕಾರ್ಡನ್ನು 1995ರಲ್ಲಿ ತಂದಾಗ ಅದು ಪಾಯಿಂಟಿನ ಕಾರ್ಡಾಗಿತ್ತು. ಇವತ್ತಿಗೂ ಪೌಂಡಿಗೊಂದು ಪಾಯಿಂಟು, 150 ಆದರೆ ಒಂದೂವರೆ ಪೌಂಡಿನ ವೋಚರ್. 2019ರಲ್ಲಿ ಅವರು ಕಾರ್ಡ್ ಇದ್ದವರಿಗೊಂದು ಬೆಲೆ, ಇಲ್ಲದವರಿಗೊಂದು ಬೆಲೆ ಹಾಕಲು ಶುರುಮಾಡಿದರು. 2023ರಲ್ಲಿ ಸೇನ್ಸ್‌ಬರೀಸ್ ನೆಕ್ಟರ್ ಬೆಲೆ ತಂದಿತು. ನನಗೆ ಚೆನ್ನಾಗಿ ನೆನಪಿರುವುದು ಮಧ್ಯಾಹ್ನದ ಊಟಕ್ಕೆ ಆಫೀಸಿನವರೆಲ್ಲ ಕೊಳ್ಳುವ ಮೀಲ್ ಡೀಲ್. 2022ರ ಕೊನೆಯಲ್ಲಿ ಟೆಸ್ಕೋದಲ್ಲಿ ಅದಕ್ಕೆ ಕಾರ್ಡ್ ಇದ್ದರೆ 3 ಪೌಂಡ್ 40 ಪೆನ್ಸ್, ಇಲ್ಲದಿದ್ದರೆ 3 ಪೌಂಡ್ 90. ಅದೇ ಸ್ಯಾಂಡ್‌ವಿಚ್, ಅದೇ ಚಿಪ್ಸ್, ಅದೇ ನೀರಿನ ಬಾಟಲಿ. ದಿನಾ ಕೊಳ್ಳುವವರಿಗೆ ವಾರಕ್ಕೆ ಎರಡೂವರೆ ಪೌಂಡ್ ಆಯಿತು.

ಹಾಗಾಗಿಯೇ ಇಲ್ಲಿ ಎಲ್ಲರ ಪರ್ಸೂ ಉಬ್ಬಿರುತ್ತದೆ. ಅಥವಾ ಫೋನಿನಲ್ಲಿ ಒಂದೊಂದು ಅಂಗಡಿಗೂ ಒಂದೊಂದು ಆ್ಯಪ್ ಇರುತ್ತದೆ. ನಾನು ಮೊದಲು ಮಾಡಿದ್ದು ಆ ಎರಡನೆಯದನ್ನು. ದೊಡ್ಡ ಅಂಗಡಿಗಳೆಂದರೆ ತಗಡಿನ ಗೋದಾಮು ಇದ್ದ ಹಾಗೆ, ಒಳಗೆ ಸಿಗ್ನಲ್ ಸಿಗುವುದಿಲ್ಲ. ಬಿಲ್ ಮಾಡುವ ಹೊತ್ತಿಗೆ ಆ್ಯಪ್ ತೆರೆದರೆ ಪಾಸ್‌ವರ್ಡ್ ಕೇಳುತ್ತದೆ, ಇಲ್ಲವೇ ಹೊಸ ಆವೃತ್ತಿ ಹಾಕಿಕೋ ಎನ್ನುತ್ತದೆ. ಹಿಂದೆ ಸಾಲು ಬೆಳೆಯುತ್ತದೆ. ಒಂದು ಸಂಜೆ, ಯಾವ ಅಂಗಡಿ ಎಂದು ಹೇಳುವುದು ಬೇಡ, ಆರೂವರೆ ಪೌಂಡಿನ ರಿಯಾಯಿತಿ ಬಿಟ್ಟು ಪೂರ್ತಿ ಬೆಲೆ ಕೊಟ್ಟು ಬಂದೆ. ಮಗಳು ತಳ್ಳುಗಾಡಿಯಲ್ಲಿ ಅಳುತ್ತಿದ್ದಳು, ಹಿಂದಿನವರನ್ನು ಕಾಯಿಸಲು ಮನಸ್ಸಾಗಲಿಲ್ಲ. ಮನೆಗೆ ಬಂದ ಮೇಲೂ ಆ ಆರೂವರೆ ಪೌಂಡ್ ಕೊರೆಯುತ್ತಿತ್ತು. ಆಮೇಲೆ ಪ್ಲಾಸ್ಟಿಕ್ಕಿಗೇ ವಾಪಸು ಬಂದಿದ್ದೆ.

ಅಪ್ಪನ ಮಾತು ಕೇಳಿದ ಮಾರನೆಯ ದಿನ, ಭಾನುವಾರ, ಇಬ್ಬರೂ ಮೇಜಿಗೆ ಕೂತೆವು. ನನ್ನದು ಆಂಡ್ರಾಯ್ಡ್ ಫೋನು. ಎಲ್ಲ ಅಂಗಡಿಗಳ ಕಾರ್ಡನ್ನೂ ಒಂದೇ ಕಡೆ ಇಡುವ ಕಟೀಮಾ ಎಂಬ ಆ್ಯಪ್ ಹಾಕಿಕೊಂಡೆ. ಅದು ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ದುಡ್ಡಿಲ್ಲ, ಜಾಹೀರಾತಿಲ್ಲ, ಖಾತೆ ತೆರೆ ಎಂದು ಕೇಳುವುದಿಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ. ಕಾರ್ಡುಗಳು ಫೋನಿನೊಳಗೇ ಇರುತ್ತವೆ. ಗೂಗಲ್ ವಾಲೆಟ್‌ನಲ್ಲೂ ಇದೇ ಕೆಲಸ ಮಾಡಬಹುದು, ಬಹಳ ಜನ ಮಾಡುತ್ತಾರೆ. ಆ್ಯಪಲ್‌ನವರು 2012ರಲ್ಲೇ ಪಾಸ್‌ಬುಕ್ ಎಂದು ತಂದಿದ್ದರು, ಈಗ ಅದರ ಹೆಸರು ವಾಲೆಟ್. ನನಗೆ ಕಟೀಮಾ ಒಗ್ಗಿದ್ದಕ್ಕೆ ಕಾರಣವಿದೆ. ಇಲ್ಲಿ ಬಹಳ ಜನ ಬಳಸುತ್ತಿದ್ದ ಸ್ಟೋಕಾರ್ಡ್ ಎಂಬ ಇಂಥದ್ದೇ ಆ್ಯಪನ್ನು 2021ರಲ್ಲಿ ಸ್ವೀಡನ್ನಿನ ಕ್ಲಾರ್ನಾ ಕೊಂಡುಕೊಂಡಿತು. ಕ್ಲಾರ್ನಾ ಎಂದರೆ ಈಗ ಕೊಳ್ಳಿ, ಆಮೇಲೆ ಕೊಡಿ ಎನ್ನುವ ವ್ಯವಹಾರದವರು. ಅದರಲ್ಲಿ ತಪ್ಪೇನಿಲ್ಲ. ಆದರೆ ನಾನು ಯಾವ ಯಾವ ಅಂಗಡಿಗೆ ಹೋಗುತ್ತೇನೆ ಎಂಬ ಪಟ್ಟಿ ನನ್ನನ್ನು ಕೇಳದೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವುದು ನನಗೆ ಬೇಡ.

ಮೊದಲ ಕಾರ್ಡಿಗೇ ಒಂದು ಪಾಠ ಸಿಕ್ಕಿತು. ನಾನು ಕಾರ್ಡಿನ ಮೇಲೆ ಅಚ್ಚಾಗಿದ್ದ ನಂಬರನ್ನು ಕೈಯಲ್ಲಿ ಒತ್ತಲು ಹೊರಟಿದ್ದೆ. ಅಪ್ಪ, "ತಡಿ, ಕ್ಯಾಮೆರಾದಲ್ಲೇ ಓದಿಸು, ಎರಡೂ ಒಂದೇನಾ ನೋಡೋಣ" ಅಂದರು. ಒಂದೇ ಆಗಿರಲಿಲ್ಲ. ಕಣ್ಣಿಗೆ ಕಾಣುವ ನಂಬರ್ ಒಂದು, ಗೀರುಗಳೊಳಗೆ ಇರುವುದು ಬೇರೊಂದು. ಹೀಗೆ ಬಹಳ ಕಾರ್ಡುಗಳಲ್ಲಿ ಇರುತ್ತದೆ. ಮೇಲಿನದು ನಾವು ಫೋನ್ ಮಾಡಿದಾಗ ಓದಿ ಹೇಳಲು, ಒಳಗಿನದು ಯಂತ್ರ ಓದಲು. ಹಾಗಾಗಿ ನಂಬರ್ ಟೈಪ್ ಮಾಡುವುದು ಕೊನೆಯ ದಾರಿ, ಕ್ಯಾಮೆರಾ ಹಿಡಿಯುವುದೇ ಮೊದಲ ದಾರಿ. ಇನ್ನೊಂದು ವಿಷಯ. ಒಂದೇ ನಂಬರನ್ನು ಹಲವು ಬಗೆಯ ಬಾರ್‌ಕೋಡಿನಲ್ಲಿ ಬರೆಯಬಹುದು. ಹದಿಮೂರು ಅಂಕಿಯ ಇಎಎನ್-13 ಇದೆ, ಕೋಡ್ 128 ಇದೆ, ಕ್ಯೂಆರ್ ಇದೆ. ಅಂಗಡಿಯ ಯಂತ್ರ ತನಗೆ ಗೊತ್ತಿರುವ ಬಗೆಯನ್ನಷ್ಟೇ ಒಪ್ಪುತ್ತದೆ. ಕ್ಯಾಮೆರಾದಲ್ಲಿ ಓದಿಸಿದರೆ ಬಗೆಯೂ ತಾನಾಗಿಯೇ ಸರಿಹೋಗುತ್ತದೆ.

ಹತ್ತು ಕಾರ್ಡು ಸಲೀಸಾಗಿ ಹೋದವು. ಗಾರ್ಡನ್ ಸೆಂಟರಿನದು ಮಾತ್ರ ಕೈಕೊಟ್ಟಿತು. ಅದರ ಗೀರುಗಳು ಕೀಲಿಗೊಂಚಲಿಗೆ ಉಜ್ಜಿ ಉಜ್ಜಿ ಅಳಿಸಿದ್ದವು, ಕ್ಯಾಮೆರಾ ಎಷ್ಟು ಹಿಡಿದರೂ ಓದಲಿಲ್ಲ. ಕೆಳಗೆ ಹದಿಮೂರು ಅಂಕಿ ಮಸುಕಾಗಿ ಉಳಿದಿದ್ದವು. ಅದನ್ನು ನೋಡಿಕೊಂಡು ಟೈಪ್ ಮಾಡಿದೆ. ಆ್ಯಪ್ ಆ ನಂಬರಿಗೆ ಇಎಎನ್-13 ಗೀರು ಬರೆಯಲು ಒಪ್ಪಲೇ ಇಲ್ಲ.

ಆಗ ಅಪ್ಪನಿಗೆ ಹದಿಮೂರನೆಯ ಅಂಕಿಯ ಗುಟ್ಟು ಹೇಳಿದೆ. ಮೊದಲ ಹನ್ನೆರಡು ಅಂಕಿಗಳೇ ನಿಜವಾದ ನಂಬರು, ಕೊನೆಯದು ಕಾವಲುಗಾರ. ಒಂದು, ಮೂರು, ಐದು ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಹಾಗೇ ಕೂಡಬೇಕು. ಎರಡು, ನಾಲ್ಕು, ಆರು ಹೀಗೆ ಸಮ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಬೇಕು. ಎರಡನ್ನೂ ಸೇರಿಸಿದಾಗ ಬರುವ ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕಾವಲು ಅಂಕಿ. ನಿಜವಾದ ಕಾರ್ಡಿನ ನಂಬರನ್ನು ಇಲ್ಲಿ ಹಾಕಬಾರದು, ಹಾಗಾಗಿ ನಾನೇ ಕಟ್ಟಿದ್ದೊಂದನ್ನು ತೆಗೆದುಕೊಳ್ಳಿ: 290001234567. ಬೆಸ ಸ್ಥಾನದವು 2, 0, 0, 2, 4, 6, ಕೂಡಿದರೆ 14. ಸಮ ಸ್ಥಾನದವು 9, 0, 1, 3, 5, 7, ಕೂಡಿದರೆ 25, ಮೂರರಿಂದ ಗುಣಿಸಿದರೆ 75. ಒಟ್ಟು 89. ತೊಂಬತ್ತಕ್ಕೆ ಒಂದು ಕಡಿಮೆ. ಕೊನೆಯ ಅಂಕಿ 1.

ಅಪ್ಪ ಟೆಸ್ಕೋ ರಸೀದಿಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದರು. ಸಾರ್ಟರುಗಳ ಬರವಣಿಗೆ ಅಪ್ಪನದು, ಅಂಕಿಗಳು ಒಂದೇ ಎತ್ತರ, ಒಂದಕ್ಕೊಂದು ತಾಗುವುದಿಲ್ಲ. ಗಾರ್ಡನ್ ಸೆಂಟರಿನ ನಂಬರನ್ನು ಕೂಡಿದರು. ತಾಳೆ ಆಗಲಿಲ್ಲ. ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತುಂಬಾ ಹೊತ್ತು ನೋಡಿದರು. "ಇದು ಮೂರಲ್ಲ, ಎಂಟು. ಎಡಗಡೆ ಹೊಟ್ಟೆ ಸವೆದುಹೋಗಿದೆ" ಅಂದರು. ಎಂಟು ಹಾಕಿ ಕೂಡಿದರು, ತಾಳೆ ಆಯಿತು. ನಾನು ಫೋನಿನಲ್ಲಿ ಮೂರನ್ನು ಎಂಟು ಮಾಡಿದ ತಕ್ಷಣ ಗೀರುಗಳು ತೆರೆಯ ತುಂಬ ಮೂಡಿದವು. ಎಪ್ಪತ್ತು ದಾಟಿದ ಅಪ್ಪನ ಮುಖದಲ್ಲಿ ಆಗ ಕಂಡ ಸಂತೋಷಕ್ಕಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ ಅನ್ನಿಸುತ್ತದೆ.

ಅಲ್ಲಿಗೆ ಬಿಡಲಿಲ್ಲ ಅವರು. ಮಾರನೆಯ ಬೆಳಗ್ಗೆ ಕಾಫಿ ಕುಡಿಯುತ್ತಾ, "ಪಕ್ಕಪಕ್ಕದ ಎರಡು ಅಂಕಿ ಅದಲುಬದಲು ಆದ್ರೆ ಸಿಕ್ಕಿಬೀಳುತ್ತೆ. ಆದ್ರೆ ಅವೆರಡರ ಮಧ್ಯೆ ಐದು ವ್ಯತ್ಯಾಸ ಇದ್ರೆ ಸಿಗಲ್ಲ ಪುಟ್ಟಿ. ಮೂರು-ಎಂಟು, ಎರಡು-ಏಳು, ಹೀಗೆ. ಹುಷಾರಾಗಿರಬೇಕು" ಅಂದರು. ಲೆಕ್ಕ ಹಾಕಿ ನೋಡಿದೆ, ನಿಜ. ಆ ವಾರ ಅವರು ನಮ್ಮ ಅಡುಗೆಮನೆಯ ಒಂದು ಪೊಟ್ಟಣವನ್ನೂ ಬಿಡಲಿಲ್ಲ. ಉಪ್ಪು, ಬಿಸ್ಕತ್ತು, ಊರಿಂದ ತಂದಿದ್ದ ಸಾರಿನ ಪುಡಿ, ಎಲ್ಲದರ ಮೇಲೂ ಇದೇ ಹದಿಮೂರು ಅಂಕಿ. 50ರಿಂದ ಶುರುವಾಗುವ ನಂಬರು ಬ್ರಿಟನ್ನಿನಲ್ಲಿ ನೋಂದಾಯಿಸಿದ್ದು, 890 ಎಂದರೆ ನಮ್ಮ ದೇಶದಲ್ಲಿ. ಪಿನ್ ಕೋಡಿನ ಹಾಗೆಯೇ ಮೊದಲ ಅಂಕಿಗಳಿಗೆ ವಿಳಾಸ ಇದೆ ಎಂದು ಅವರಿಗೆ ತುಂಬ ಇಷ್ಟವಾಯಿತು.

"ಈ ಗೀರು ಯಾರ ತಲೆಗೆ ಹೊಳೀತು?" ಎಂದು ಕೇಳಿದರು. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬ ಅಮೆರಿಕನ್, ಮಯಾಮಿಯ ಸಮುದ್ರ ದಂಡೆಯಲ್ಲಿ ಕೂತು ಮೋರ್ಸ್ ಕೋಡಿನ ಚುಕ್ಕೆ-ಗೆರೆಗಳನ್ನು ಮರಳಿನ ಮೇಲೆ ಬೆರಳಲ್ಲಿ ಕೆಳಕ್ಕೆ ಎಳೆದಾಗ ಹೊಳೆದಿದ್ದಂತೆ ಎಂದೆ. ಅಂಗಡಿಯಲ್ಲಿ ಮೊದಲು ಗೀರು ಓದಿಸಿದ್ದು 1974ರ ಜೂನ್ 26ಕ್ಕೆ, ಒಹಾಯೋದ ಟ್ರಾಯ್ ಎಂಬ ಊರಿನಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣ. ಮೋರ್ಸ್ ಎಂದ ಕೂಡಲೇ ಅಪ್ಪ ಮೇಜಿನ ಮೇಲೆ ಬೆರಳಲ್ಲಿ ಏನೋ ಕುಟ್ಟಿದರು. ತಮ್ಮ ಹೆಸರಂತೆ. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ, ಅಪ್ಪ ನಿವೃತ್ತರಾದ ವರ್ಷವೇ. "ತಂತಿ ಹೋಯ್ತು ಅಂದ್ಕೊಂಡಿದ್ದೆ. ಇಲ್ಲಿದೆ ನೋಡು, ಉಪ್ಪಿನ ಪ್ಯಾಕೆಟ್ ಮೇಲೆ."

ಇನ್ನು ಅಂಗಡಿಯಲ್ಲಿ ತೋರಿಸುವ ಕಷ್ಟ. ಹೆಚ್ಚಿನ ಕಡೆ ಕಷ್ಟವೇ ಇಲ್ಲ, ತೋರಿಸಿದರೆ ಬೀಪ್ ಅನ್ನುತ್ತದೆ. ನಮ್ಮವರ ದಿನಸಿ ಅಂಗಡಿಯಲ್ಲಿ ಮಾತ್ರ ಮೊದಲ ಸಲ ಓದಲಿಲ್ಲ. ಅಲ್ಲಿರುವುದು ಗೀರು ಓದುವ ಹಳೆಯ ಗನ್ನು, ತೆಳ್ಳನೆಯ ಕೆಂಪು ಗೆರೆ ಬಿಡುವಂಥದ್ದು. ಆ ಲೇಸರ್ ಗೆರೆ ಕಾಗದದ ಮೇಲೆ ಬಿದ್ದಾಗ ಬಿಳಿ ಜಾಗ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ, ಕರಿ ಜಾಗ ಹೀರಿಕೊಳ್ಳುತ್ತದೆ. ಆ ವ್ಯತ್ಯಾಸವನ್ನೇ ಗನ್ನು ಓದುವುದು. ಫೋನಿನ ಗಾಜು ಹಾಗಲ್ಲ, ಕರಿಯ ಮೇಲೂ ಬಿಳಿಯ ಮೇಲೂ ಲೇಸರನ್ನು ಒಂದೇ ರೀತಿ ಹಿಂದಕ್ಕೆ ಕಳಿಸುತ್ತದೆ. ಹೊಸ ಸ್ಕ್ಯಾನರುಗಳಲ್ಲಿ ಕ್ಯಾಮೆರಾ ಇರುತ್ತದೆ, ಅವು ಚಿತ್ರ ತೆಗೆದು ಓದುತ್ತವೆ, ಹಾಗಾಗಿ ತೆರೆಯೂ ಕಾಗದವೂ ಅವಕ್ಕೆ ಸಮ. ಗನ್ನು ಹಳೆಯದಾದರೆ ಬೆಳಕು ಹೆಚ್ಚಿಸಿ ಉಪಯೋಗವಿಲ್ಲ, ನಂಬರನ್ನು ಓದಿ ಹೇಳಬೇಕು, ಕೌಂಟರಿನವರು ಒತ್ತಿಕೊಳ್ಳುತ್ತಾರೆ. ಹೊಸದಾಗಿದ್ದೂ ಓದದಿದ್ದರೆ ತೆರೆಯ ಬೆಳಕು ಪೂರ್ತಿ ಏರಿಸಿ, ಬಾರ್‌ಕೋಡನ್ನು ಸ್ವಲ್ಪ ಚಿಕ್ಕದು ಮಾಡಿ, ಫೋನನ್ನು ತುಸು ದೂರ ಹಿಡಿಯಿರಿ. ನಾವೆಲ್ಲ ಮಾಡುವ ತಪ್ಪು ಫೋನನ್ನು ಸ್ಕ್ಯಾನರಿನ ಗಾಜಿಗೆ ಒತ್ತಿ ಹಿಡಿಯುವುದು.

ಕಾಫಿ ಅಂಗಡಿಯ ಚೀಟಿಯನ್ನು ಮಾತ್ರ ಫೋನಿಗೆ ಹಾಕಲಾಗಲಿಲ್ಲ. ಒಂಬತ್ತು ಕಾಫಿಗೆ ಒಂಬತ್ತು ಮುದ್ರೆ, ಹತ್ತನೆಯದು ಉಚಿತ. ಅದರಲ್ಲಿ ನಂಬರೇ ಇಲ್ಲ, ಬೆಲೆ ಇರುವುದು ಮುದ್ರೆಯಲ್ಲಿ. ಅಂಗಡಿಯವನಿಗೆ ನಾನು ಯಾರು ಎಂದು ಗೊತ್ತಾಗಬೇಕಿಲ್ಲ. ಅಪ್ಪ ಅದನ್ನು ತಮ್ಮ ಜೇಬಿಗೇ ಇಟ್ಟುಕೊಂಡರು. ದಿನಾ ಬೆಳಗ್ಗೆ ಕೆನೆಟ್ ನದಿಯ ದಾರಿಯಲ್ಲಿ ನಡೆದುಹೋಗಿ ಒಂದು ಕಾಫಿ ಕುಡಿದು, ಮುದ್ರೆ ನೆಟ್ಟಗೆ ಬಿದ್ದಿದೆಯೇ ಎಂದು ನೋಡಿಕೊಂಡು ಬರುತ್ತಿದ್ದರು. ಮುದ್ರೆ ಹೊಡೆಯುವ ಹುಡುಗಿಗೆ, "ತಾರೀಖು ಹಾಕೋದಿಲ್ವಾ?" ಎಂದು ಕೇಳಿದ್ದರಂತೆ.

ಪಕ್ಕದ ಮನೆಯ ಅಜ್ಜಿಯ ವಿಷಯ ಹೇಳಲೇಬೇಕು. ಎಂಬತ್ತು ದಾಟಿದವರು, ಒಬ್ಬರೇ ಇರುತ್ತಾರೆ, ಗುಂಡಿ ಒತ್ತುವ ಸಣ್ಣ ಫೋನು. ಅವರ ಕೀಲಿಗೊಂಚಲಿನಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಕ್ಲಬ್‌ಕಾರ್ಡ್ ತುಂಡು ತೂಗುತ್ತಿರುತ್ತದೆ, ಅದೇ ಅವರ ಆಧಾರ. ಲಿಡ್ಲ್ ಎಂಬ ಸೂಪರ್‌ಮಾರ್ಕೆಟ್ಟಿನ ಲಿಡ್ಲ್ ಪ್ಲಸ್‌ನಂಥವಕ್ಕೆ ಆ್ಯಪ್ ಬಿಟ್ಟು ಕಾರ್ಡಿಲ್ಲ, ಅದು ಅವರಿಗೆ ಎಟುಕುವುದಿಲ್ಲ. ಶೆಲ್ಫಿನ ಮೇಲೆ ಎರಡು ಬೆಲೆ ನೋಡಿದ ಮೊದಲ ದಿನವೇ ಅಪ್ಪ ಕೇಳಿದ್ದರು: "ಫೋನ್ ಇಲ್ಲದವರು ಬೆಣ್ಣೆಗೆ ಜಾಸ್ತಿ ಕೊಡಬೇಕಾ?" ಇಲ್ಲಿನ ಸ್ಪರ್ಧಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಈ ಎರಡು ಬೆಲೆಗಳ ಬಗ್ಗೆ ವರದಿ ಕೊಟ್ಟಿತು. ಸುಮಾರು 50,000 ವಸ್ತುಗಳ ಬೆಲೆ ನೋಡಿದ್ದರು, ಅದರಲ್ಲಿ 92 ಶೇಕಡಾ ನಿಜವಾದ ಉಳಿತಾಯವೇ ಎಂದಿತು. ಒಳ್ಳೆಯದು. ಅದರ ಜೊತೆಗೇ, ವಯಸ್ಸಾದವರು, ಸ್ಮಾರ್ಟ್‌ಫೋನ್ ಇಲ್ಲದವರು ಹೊರಗುಳಿಯದಂತೆ ಅಂಗಡಿಗಳು ಇನ್ನಷ್ಟು ಮಾಡಬೇಕು ಎಂದೂ ಹೇಳಿತು. ನನಗೆ ಮುಖ್ಯ ಅನ್ನಿಸುವುದು ಆ ಎರಡನೆಯ ಮಾತು. ಫೋನಿನಲ್ಲಿ ಕಾರ್ಡ್ ಇಡುವುದು ನನಗೆ ಅನುಕೂಲ, ಆದರೆ ಕೀಲಿಗೊಂಚಲಿನ ಆ ತುಂಡು ಇಲ್ಲವಾಗಬಾರದು. ಅಜ್ಜಿಯ ಜೊತೆ ಅಂಗಡಿಗೆ ಹೋದಾಗ ನನ್ನ ಫೋನನ್ನು ಅವರ ಬಿಲ್ಲಿಗೆ ತೋರಿಸುತ್ತೇನೆ. ಪಾಯಿಂಟು ನನಗೆ ಬರುತ್ತದೆ, ಕಡಿಮೆ ಬೆಲೆ ಅವರಿಗೆ ಸಿಗುತ್ತದೆ, ಪಾಯಿಂಟಿನ ವೋಚರ್ ಬಂದಾಗ ಅವರ ಬೆಕ್ಕಿಗೆ ಏನಾದರೂ ತರುತ್ತೇನೆ.

ಎಚ್ಚರಿಕೆಯೂ ಬೇಕು. ಬೂಟ್ಸ್‌ನ ಪಾಯಿಂಟು ಒಂದಕ್ಕೆ ಒಂದು ಪೆನ್ನಿ, ಕೌಂಟರಿನಲ್ಲಿ ಹಣದಂತೆಯೇ ಖರ್ಚಾಗುತ್ತದೆ. ಹಾಗಿರುವಾಗ ಬಾರ್‌ಕೋಡಿನ ಚಿತ್ರ ಎಂದರೆ ಬೀಗದ ಕೈ. ನಮ್ಮ ಕನ್ನಡದವರ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದ ತಮ್ಮ ಕಾರ್ಡಿನ ಚಿತ್ರ ಹಾಕಿ, ಬೇಕಾದವರು ಬಳಸಿಕೊಳ್ಳಿ ಅಂದಿದ್ದರು. ಮನೆಯವರಿಗೆ ಕೊಡಿ, ಪಕ್ಕದವರಿಗೆ ನೀವೇ ತೋರಿಸಿ, ಆದರೆ ಇನ್ನೂರು ಜನರ ಗುಂಪಿಗೆ ಹಾಕಬೇಡಿ.

ಅಕ್ಟೋಬರಿನಲ್ಲಿ ಅಪ್ಪನನ್ನು ಬಿಡಲು ನಾನೂ ಊರಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಬಟ್ಟೆ ಕೊಂಡು ಕೌಂಟರಿಗೆ ಬಂದರೆ, "ನಂಬರ್ ಹೇಳಿ ಮೇಡಂ" ಅಂದರು. ನಮ್ಮೂರ ಕಡೆ ಕಾರ್ಡೂ ಇಲ್ಲ, ಆ್ಯಪೂ ಇಲ್ಲ, ಮೊಬೈಲ್ ನಂಬರೇ ಕಾರ್ಡು. ನಾನು ಹೇಳಲು ಬಾಯಿ ತೆರೆದೆ. ಅಪ್ಪ ನನ್ನ ತೋಳು ಹಿಡಿದು, "ಬೇಡ ಪುಟ್ಟಿ, ನಂಬರ್ ಇಲ್ಲದೆ ಬಿಲ್ ಮಾಡಿ ಅನ್ನು" ಅಂದರು. ಹುಡುಗ ಮಾಡಿಕೊಟ್ಟ, ತಕರಾರಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ, ಬಿಲ್ಲಿಗಾಗಿ ಮೊಬೈಲ್ ನಂಬರ್ ಕೊಡಲೇಬೇಕು ಎಂದು ಒತ್ತಾಯಿಸಬಾರದು ಎಂದು ಅಂಗಡಿಗಳಿಗೆ ಸೂಚಿಸಿದೆ.

ಹೊರಗೆ ಬಂದು ಆಟೋಗೆ ಕಾಯುವಾಗ ಅಪ್ಪ ಹೇಳಿದ್ದು ನನ್ನ ಮನಸ್ಸಿನಲ್ಲಿ ಕೂತಿದೆ. "ಅಲ್ಲಿ ನಿನ್ನ ಕಾರ್ಡಿನ ನಂಬರ್ ಅವರ ಅಂಗಡಿಗೆ ಮಾತ್ರ ಗೊತ್ತು. ಬೇಡ ಅಂದ್ರೆ ಕಾರ್ಡು ಮುರಿದು ಹಾಕಬಹುದು. ಇದು ಹಾಗಲ್ಲ. ಇದೇ ನಂಬರಿಗೆ ಬ್ಯಾಂಕ್ ಇದೆ, ಯುಪಿಐ ಇದೆ, ನನ್ನ ಪಿಂಚಣಿ ಇದೆ. ಸಾಲಲ್ಲಿ ಹತ್ತು ಜನ ನಿಂತಿರುವಾಗ ಕೂಗಿ ಹೇಳೋದಾ?" ಇಷ್ಟು ವರ್ಷ ಎರಡೂ ದೇಶದ ಕೌಂಟರುಗಳಲ್ಲಿ ನಿಂತಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಅಂಗಡಿಗೊಂದು ಬೇರೆ ನಂಬರು ಎನ್ನುವುದು ಪರ್ಸಿಗೆ ಭಾರ, ಆದರೆ ನಮಗೆ ಕಾವಲು. ಆ ಭಾರವನ್ನು ಫೋನ್ ಇಳಿಸಿಬಿಟ್ಟರೆ ಕಾವಲು ಹಾಗೇ ಉಳಿಯುತ್ತದೆ. ನಮ್ಮ ಊರಿನ ಅಂಗಡಿಗಳೂ ಮೊಬೈಲ್ ನಂಬರ್ ಕೇಳುವ ಬದಲು ತಮ್ಮದೇ ಒಂದು ನಂಬರಿನ ಕ್ಯೂಆರ್ ಕೊಟ್ಟರೆ ನಾನು ಸಂತೋಷದಿಂದ ಇಟ್ಟುಕೊಳ್ಳುತ್ತೇನೆ.

ಈ ಏಪ್ರಿಲ್‌ನಲ್ಲಿ ನನ್ನ ಫೋನು ಕೆನೆಟ್ ನದಿಗೆ ಬಿತ್ತು. ಮಗಳಿಗೆ ಬಾತುಕೋಳಿ ತೋರಿಸಲು ಬಗ್ಗಿದ್ದೆ, ಮೇಲಿನ ಜೇಬಿನಿಂದ ಜಾರಿತು. ಕಟೀಮಾದಲ್ಲಿ ಎಲ್ಲ ಕಾರ್ಡುಗಳನ್ನೂ ಒಂದು ಕಡತವಾಗಿ ಹೊರತೆಗೆದು ಪಾಸ್‌ವರ್ಡ್ ಹಾಕಿ ಇಡುವ ಸೌಲಭ್ಯವಿದೆ. ತೆಗೆದೂ ಇದ್ದೆ. ಕಡತ ಇದ್ದದ್ದು ಅದೇ ಫೋನಿನಲ್ಲಿ. ಪ್ಲಾಸ್ಟಿಕ್ ಕಾರ್ಡುಗಳನ್ನು ಆ ಭಾನುವಾರವೇ ಕತ್ತರಿಸಿ ಎಸೆದಿದ್ದೆ. ನೀವು ಹಾಗೆ ಮಾಡಬೇಡಿ. ಒಂದು ಹಳೆಯ ಡಬ್ಬಿಯಲ್ಲಿ ಹಾಕಿಡಿ, ಕಡತವನ್ನು ಇನ್ನೊಂದು ಕಡೆ ಇಡಿ. ದೊಡ್ಡ ಅಂಗಡಿಗಳದ್ದು ಇಮೇಲ್ ಕೊಟ್ಟು ಹೊಸ ಫೋನಿನಲ್ಲಿ ಮತ್ತೆ ಬಂತು. ಗಾರ್ಡನ್ ಸೆಂಟರು, ಶೂ ಅಂಗಡಿ, ದಿನಸಿ ಅಂಗಡಿ, ಲೈಬ್ರರಿ, ಈ ನಾಲ್ಕು ಬರಲಿಲ್ಲ.

ಭಾನುವಾರ ಅಪ್ಪನ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುತ್ತಾ ಹೇಳಿದೆ. "ಇರು" ಎಂದು ಎದ್ದುಹೋದರು. ಅರಸೀಕೆರೆಯ ಮನೆಯ ನಡುಕೋಣೆಯ ಫ್ಯಾನು ಎರಡು ನಿಮಿಷ ತೆರೆಯ ತುಂಬ ತಿರುಗಿತು. ಬರುವಾಗ ಕೈಯಲ್ಲಿ ಆ ನೂರು ಪುಟದ ನೋಟ್‌ಬುಕ್ಕು, ಇಲ್ಲಿದ್ದಾಗ ವಾಕಿಂಗ್ ಹೊರಟರೆ ಜೊತೆಗೆ ಒಯ್ಯುತ್ತಿದ್ದದ್ದು. ಒಂದು ಪುಟದಲ್ಲಿ ಹನ್ನೊಂದು ಸಾಲು. ಲೆಕ್ಕ ಕಲಿತ ವಾರ ಪ್ರತಿ ಕಾರ್ಡಿನ ನಂಬರನ್ನೂ ಫೋನಿನಿಂದ ಬರೆದುಕೊಂಡು ತಾಳೆ ನೋಡಿದ್ದರು. ಎಡಗಡೆ "ಗಿಡದಂಗಡಿ", "ಪಾಪು ಶೂ", "ಅಕ್ಕಿ ಅಂಗಡಿ" ಎಂದು ಹೆಸರು.

ಒಂದೊಂದೇ ಅಂಕಿ ಓದಿದರು, ನಾನು ಒತ್ತಿದೆ. ಹನ್ನೆರಡಾದ ಮೇಲೆ ನಿಲ್ಲಿಸಿ, "ಈಗ ನೀನು ಹೇಳು, ಹದಿಮೂರನೇದು ಎಷ್ಟು?" ಎನ್ನುವರು. ನಾನು ಕೂಡಿ ಹೇಳಿದರೆ, "ಹೂಂ, ತಾಳೆ ಆಯ್ತು" ಎಂದು ಮುಂದಿನ ಸಾಲಿಗೆ ಹೋಗುವರು. ಮೂರು ಹಾಗೆ ಮುಗಿದವು. ಕೊನೆಯದು ಲೈಬ್ರರಿ.

"ಇದು ಆ ಲೆಕ್ಕಕ್ಕೆ ಬರಲ್ಲ ಪುಟ್ಟಿ, ಇದರ ನಂಬರೇ ಬೇರೆ ಥರ" ಅಂದರು. "ಅದಕ್ಕೇ ಎರಡು ಸಲ ಓದ್ತೀನಿ. ನಿಧಾನಕ್ಕೆ ಬರ್ಕೊ."